ವಿದೇಶಕ್ಕೆ ಸಾಗುವ ರಾಸಾಯನಿಕ ಟ್ಯಾಂಕ್‌ಗಳು: ತಪಾಸಣೆಯ ಅಧಿಕಾರ ಯಾರಿಗಿದೆ?

ನಮ್ಮ ರಾಜ್ಯದ ಸಣ್ಣ ಮತ್ತು ಮಧ್ಯಮ ಗಾತ್ರದ ರಾಸಾಯನಿಕ ಉದ್ದಿಮೆಗಳು ಬಹುಕಾಲ ತಮ್ಮ ಸರಕನ್ನು ಪೀಪಾಯಿಗಳಲ್ಲಿ ತುಂಬಿಸಿ ರಫ್ತು ಮಾಡುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ದ್ರಾವಕಗಳು, ಆಮ್ಲಗಳು ಹಾಗೂ ಔಷಧ ತಯಾರಿಕೆಯ ಮಧ್ಯವರ್ತಿ ರಾಸಾಯನಿಕಗಳನ್ನು ಟ್ಯಾಂಕ್ ಕಂಟೇನರ್‌ಗಳಲ್ಲಿ ಕಳುಹಿಸುವ ಪದ್ಧತಿ ಬೆಳೆದಿದೆ. ಇಪ್ಪತ್ತು ಅಡಿಯ ಚೌಕಟ್ಟಿನೊಳಗೆ ಕೂಡಿಸಿದ ಒಂದು ಟ್ಯಾಂಕ್ ಸಾಮಾನ್ಯವಾಗಿ 24,000ದಿಂದ 26,000 ಲೀಟರ್ ದ್ರವವನ್ನು ಹಿಡಿಯುತ್ತದೆ. ಪೀಪಾಯಿಗಳ ವೆಚ್ಚ ಉಳಿಯುತ್ತದೆ, ತುಂಬಿಸುವ ಮತ್ತು ಇಳಿಸುವ ಕೂಲಿ ಕಡಿಮೆಯಾಗುತ್ತದೆ. ಆದರೆ ಈ ಅನುಕೂಲದ ಜೊತೆಗೆ ಒಂದು ಹೊಸ ಹೊಣೆಯೂ ಬರುತ್ತದೆ. ಟ್ಯಾಂಕ್ ಸುಸ್ಥಿತಿಯಲ್ಲಿದೆ ಎಂದು ಯಾರು ತಪಾಸಣೆ ಮಾಡಿದರು, ಹಾಗೆ ಮಾಡುವ ಅಧಿಕಾರ ಅವರಿಗಿತ್ತೇ ಎಂಬ ಪ್ರಶ್ನೆಗೆ ಸರಕು ಕಳುಹಿಸುವವರ ಬಳಿ ಉತ್ತರವಿರಬೇಕಾಗುತ್ತದೆ.

ಈ ವಿಷಯ ಎಂಜಿನಿಯರುಗಳಿಗೆ ಸೇರಿದ್ದು, ಲೆಕ್ಕಪತ್ರ ನೋಡುವವರಿಗೂ ವ್ಯಾಪಾರಿಗಳಿಗೂ ಇದರಲ್ಲಿ ಕೆಲಸವೇನು ಎಂದು ಕೆಲವರು ಕೇಳಬಹುದು. ರಫ್ತು ದಾಖಲೆಗಳಿಗೆ ಸಹಿ ಹಾಕುವವರು ವ್ಯಾಪಾರಿಗಳೇ ಆದ್ದರಿಂದ ಸಹಿಯ ಹಿಂದಿನ ಆಧಾರವನ್ನು ಅರಿಯುವುದು ಅವರಿಗೆ ಅನಿವಾರ್ಯ. ತತ್ಸಂಬಂಧವಾದ ನಿಯಮಗಳನ್ನು ಸದಸ್ಯರ ತಿಳಿವಳಿಕೆಗಾಗಿ ಇಲ್ಲಿ ಸರಳವಾಗಿ ವಿವರಿಸಲಾಗಿದೆ.

1. ಪೋರ್ಟಬಲ್ ಟ್ಯಾಂಕ್ ಎಂದರೇನು?

ನಿಯಮಗಳ ಭಾಷೆಯಲ್ಲಿ ಇದಕ್ಕೆ ಪೋರ್ಟಬಲ್ ಟ್ಯಾಂಕ್ ಎಂದು ಹೆಸರು. ರಸ್ತೆ, ರೈಲು, ಹಡಗು ಹೀಗೆ ಒಂದಕ್ಕಿಂತ ಹೆಚ್ಚು ಸಾರಿಗೆ ವಿಧಾನಗಳಲ್ಲಿ ಸಾಗಿಸಬಹುದಾದ, ತುಂಬಿದ ಸ್ಥಿತಿಯಲ್ಲಿಯೇ ಮೇಲೆತ್ತಬಹುದಾದ, ಚೌಕಟ್ಟನ್ನು ಬಿಚ್ಚದೆಯೇ ತುಂಬಿಸಿ ಖಾಲಿ ಮಾಡಬಹುದಾದ ಟ್ಯಾಂಕ್ ಇದು. ಷೆಲ್ ಎಂದು ಕರೆಯುವ ಒಡಲು, ಕವಾಟಗಳು, ಒತ್ತಡ ಇಳಿಸುವ ಸಾಧನಗಳು, ಕೊಳವೆಗಳು ಮತ್ತು ಹೊರಚೌಕಟ್ಟು ಎಲ್ಲವೂ ಸೇರಿ ಒಂದು ಘಟಕವೆನಿಸುತ್ತದೆ.

ರಸ್ತೆಯ ಮೇಲೆ ಓಡುವ ಟ್ಯಾಂಕರ್ ಲಾರಿ, ರೈಲ್ವೆಯ ಟ್ಯಾಂಕ್ ವ್ಯಾಗನ್, ಸಾವಿರ ಲೀಟರಿನ ಐಬಿಸಿ ಡಬ್ಬಗಳು ಈ ವ್ಯಾಖ್ಯೆಯಲ್ಲಿ ಬರುವುದಿಲ್ಲ. ಸಾಧಾರಣ ಕಂಟೇನರಿನೊಳಗೆ ಹಾಸುವ ಫ್ಲೆಕ್ಸಿಟ್ಯಾಂಕ್ ಎಂಬ ದೊಡ್ಡ ಚೀಲವೂ ಬೇರೆಯೇ. ಅದು ಅಪಾಯಕಾರಿಯಲ್ಲದ ದ್ರವಗಳಿಗೆ ಮಾತ್ರ ಮೀಸಲು.

ಯಾವ ರಾಸಾಯನಿಕಕ್ಕೆ ಎಂತಹ ಟ್ಯಾಂಕ್ ಬೇಕು ಎಂಬುದನ್ನು ಟಿ ಅಕ್ಷರದ ಸಂಕೇತಗಳು ಸೂಚಿಸುತ್ತವೆ. ಉದಾಹರಣೆಗೆ, ವಿಶ್ವಸಂಸ್ಥೆಯ ಪಟ್ಟಿಯಲ್ಲಿ 1294ನೆಯ ಸಂಖ್ಯೆ ಪಡೆದಿರುವ ಟೊಲುಯೀನ್ ದ್ರಾವಕಕ್ಕೆ ಟಿ4 ಸೂಚಿತವಾಗಿದೆ. ಅದಕ್ಕಿಂತ ಹೆಚ್ಚು ಬಿಗಿಯಾದ ಟಿ11 ಟ್ಯಾಂಕ್‌ನಲ್ಲಿಯೂ ಅದನ್ನು ಕಳುಹಿಸಬಹುದು. ಬಾಡಿಗೆಗೆ ದೊರೆಯುವ ಟ್ಯಾಂಕ್‌ಗಳಲ್ಲಿ ಹೆಚ್ಚಿನವು ಟಿ11 ವರ್ಗದವೇ. ಅವುಗಳ ಕನಿಷ್ಠ ಪರೀಕ್ಷಾ ಒತ್ತಡ 6 ಬಾರ್.

2. ನಿಯಮದ ಮೂಲ

ಅಪಾಯಕಾರಿ ಸರಕುಗಳ ಸಮುದ್ರ ಸಾಗಣೆಗೆ ಆಧಾರವಾಗಿರುವುದು ಐಎಂಡಿಜಿ ಸಂಹಿತೆ. ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಇದನ್ನು 1965ರಲ್ಲಿ ಅಂಗೀಕರಿಸಿತು. ಸಮುದ್ರದಲ್ಲಿ ಜೀವರಕ್ಷಣೆಗೆ ಸಂಬಂಧಿಸಿದ ಸೋಲಾಸ್ ಒಪ್ಪಂದದ ಏಳನೆಯ ಅಧ್ಯಾಯದ ಮೂಲಕ 2004ರ ಜನವರಿ 1ರಿಂದ ಇದು ಕಡ್ಡಾಯವಾಯಿತು. ಎರಡು ವರ್ಷಕ್ಕೊಮ್ಮೆ ಇದರ ಪರಿಷ್ಕರಣೆ ನಡೆಯುತ್ತದೆ. 42-24ನೆಯ ತಿದ್ದುಪಡಿ ಕಡ್ಡಾಯವಾಗುವುದು 2026ರ ಜನವರಿ 1ರಿಂದ. ಲೋಹದ ಪೋರ್ಟಬಲ್ ಟ್ಯಾಂಕ್‌ಗಳ ವಿನ್ಯಾಸ, ನಿರ್ಮಾಣ, ತಪಾಸಣೆ ಮತ್ತು ಪರೀಕ್ಷೆಯ ವಿಧಿಗಳು ಸಂಹಿತೆಯ 6.7ನೆಯ ಅಧ್ಯಾಯದಲ್ಲಿವೆ.

3. ಯಾವ ಪರೀಕ್ಷೆ, ಯಾವಾಗ?

ದ್ರವ ಮತ್ತು ಘನ ಸರಕಿನ ಟ್ಯಾಂಕ್‌ಗಳಿಗೆ ನಾಲ್ಕು ಬಗೆಯ ತಪಾಸಣೆಗಳಿವೆ.

ಮೊದಲನೆಯದು ಆರಂಭಿಕ ತಪಾಸಣೆ. ಟ್ಯಾಂಕ್ ಪ್ರಥಮ ಬಾರಿಗೆ ಬಳಕೆಗೆ ಬರುವ ಮುನ್ನ ವಿನ್ಯಾಸದ ಲಕ್ಷಣಗಳ ಪರಿಶೀಲನೆ, ಒಳಹೊರಗಿನ ಪರಿಶೀಲನೆ ಹಾಗೂ ಒತ್ತಡ ಪರೀಕ್ಷೆ ನಡೆಯಬೇಕು.

ಎರಡನೆಯದು ಐದು ವರ್ಷಕ್ಕೊಮ್ಮೆ ನಡೆಯುವ ನಿಯತಕಾಲಿಕ ತಪಾಸಣೆ. ಇದರಲ್ಲಿ ಒಳಹೊರಗಿನ ಪರಿಶೀಲನೆಯೊಂದಿಗೆ, ಸಾಮಾನ್ಯವಾಗಿ ನೀರು ತುಂಬಿಸಿ ಮಾಡುವ ಒತ್ತಡ ಪರೀಕ್ಷೆಯೂ ಸೇರಿದೆ. ಟ್ಯಾಂಕ್ ಒತ್ತಡದಲ್ಲಿರುವಾಗಲೇ ಒಡಲು, ಕೊಳವೆ ಮತ್ತು ಉಪಕರಣಗಳಲ್ಲಿ ಸೋರಿಕೆ ಇದೆಯೇ ಎಂದು ನೋಡಬೇಕು.

ಮೂರನೆಯದು ಎರಡೂವರೆ ವರ್ಷದ ಮಧ್ಯಂತರ ತಪಾಸಣೆ. ಇಲ್ಲಿ ಒಳಹೊರಗಿನ ಪರಿಶೀಲನೆ, ಸೋರಿಕೆ ಪರೀಕ್ಷೆ ಮತ್ತು ಕವಾಟ ಮೊದಲಾದ ಉಪಕರಣಗಳು ಸರಿಯಾಗಿ ಕೆಲಸ ಮಾಡುತ್ತಿವೆಯೇ ಎಂಬ ಪರೀಕ್ಷೆ ಇರುತ್ತದೆ. ಸೋರಿಕೆ ಪರೀಕ್ಷೆಯನ್ನು ಅನಿಲದ ನೆರವಿನಿಂದ, ಗರಿಷ್ಠ ಅನುಮತಿತ ಕಾರ್ಯ ಒತ್ತಡದ ಶೇಕಡಾ 25ಕ್ಕೆ ಕಡಿಮೆಯಾಗದ ಒತ್ತಡದಲ್ಲಿ ನಡೆಸಬೇಕು. ಕಾರ್ಯ ಒತ್ತಡ 4 ಬಾರ್ ಇರುವ ಟ್ಯಾಂಕ್‌ಗೆ ಇದು ಕನಿಷ್ಠ 1 ಬಾರ್ ಆಗುತ್ತದೆ. ಒಂದೇ ವಸ್ತುವಿನ ಸಾಗಣೆಗೆ ಮೀಸಲಾದ ಟ್ಯಾಂಕ್ ಆದರೆ, ಮಧ್ಯಂತರ ತಪಾಸಣೆಯಲ್ಲಿ ಒಳಭಾಗದ ಪರಿಶೀಲನೆಯನ್ನು ಕೈಬಿಡಲು ಅಥವಾ ಬದಲಿ ವಿಧಾನ ಅನುಸರಿಸಲು ಅವಕಾಶವಿದೆ. ಬದಲಿ ವಿಧಾನವನ್ನು ನಿಗದಿಪಡಿಸುವುದು ಸಕ್ಷಮ ಪ್ರಾಧಿಕಾರ ಅಥವಾ ಅದು ಅಧಿಕೃತಗೊಳಿಸಿದ ಸಂಸ್ಥೆ.

ನಾಲ್ಕನೆಯದು ವಿಶೇಷ ತಪಾಸಣೆ. ಜಜ್ಜಿದ ಗುರುತು, ತುಕ್ಕು ತಿಂದ ಭಾಗ, ಸೋರಿಕೆ ಅಥವಾ ಟ್ಯಾಂಕ್‌ನ ದೃಢತೆಗೆ ಧಕ್ಕೆ ತರುವ ಇನ್ನಾವುದೇ ಲಕ್ಷಣ ಕಂಡುಬಂದಲ್ಲಿ, ಹಿಂದಿನ ತಪಾಸಣೆ ಎಂದು ನಡೆದಿದ್ದರೂ ಸರಿಯೇ, ಇದನ್ನು ನಡೆಸಲೇಬೇಕು. ಕನಿಷ್ಠಪಕ್ಷ ಎರಡೂವರೆ ವರ್ಷದ ತಪಾಸಣೆಯಲ್ಲಿರುವ ಎಲ್ಲ ಅಂಶಗಳೂ ಇದರಲ್ಲಿ ಸೇರಬೇಕು.

ಷೆಲ್‌ನ ಮೇಲೆ ಕತ್ತರಿಸುವ, ಸುಡುವ ಅಥವಾ ಬೆಸುಗೆ ಹಾಕುವ ಕೆಲಸ ನಡೆದಿದ್ದರೆ ಆ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅಥವಾ ಅದರ ಅಧಿಕೃತ ಸಂಸ್ಥೆಯ ಒಪ್ಪಿಗೆ ಬೇಕು. ಆ ಬಳಿಕ ಮೂಲ ಪರೀಕ್ಷಾ ಒತ್ತಡದಲ್ಲಿಯೇ ಮತ್ತೊಮ್ಮೆ ಪರೀಕ್ಷೆ ನಡೆಯಬೇಕು. ಹತ್ತಿರದ ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸಿ ಬಣ್ಣ ಬಳಿದ ಟ್ಯಾಂಕ್ ನೋಡಲು ಎಷ್ಟೇ ಚೆನ್ನಾಗಿದ್ದರೂ ನಿಯಮದ ದೃಷ್ಟಿಯಲ್ಲಿ ಬಳಕೆಗೆ ಅನರ್ಹ.

4. ತಪಾಸಣೆಯ ಅಧಿಕಾರದ ಮೂರು ಮೆಟ್ಟಿಲುಗಳು

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಮೇಲ್ಕಂಡ ತಪಾಸಣೆಗಳನ್ನು ಸಕ್ಷಮ ಪ್ರಾಧಿಕಾರ ಅಥವಾ ಅದರ ಅಧಿಕೃತ ಸಂಸ್ಥೆಯು ಅನುಮೋದಿಸಿದ ತಜ್ಞನೊಬ್ಬ ಸ್ವತಃ ನಡೆಸಬೇಕು, ಇಲ್ಲವೇ ಅವನ ಸಮಕ್ಷಮದಲ್ಲಿ ಅವು ನಡೆಯಬೇಕು. ಇದು ಸಂಹಿತೆಯ ವಿಧಿ. ಇದರಲ್ಲಿ ಮೂರು ಮೆಟ್ಟಿಲುಗಳಿರುವುದನ್ನು ಗಮನಿಸಬೇಕು.

ಮೇಲಿನ ಮೆಟ್ಟಿಲಿನಲ್ಲಿ ಸಕ್ಷಮ ಪ್ರಾಧಿಕಾರವಿದೆ. ಇದು ಆಯಾ ದೇಶದ ಸರ್ಕಾರ ಗೊತ್ತುಪಡಿಸಿದ ಇಲಾಖೆ. ಎರಡನೆಯ ಮೆಟ್ಟಿಲಿನಲ್ಲಿ ಆ ಪ್ರಾಧಿಕಾರದಿಂದ ಲಿಖಿತ ಅಧಿಕಾರ ಪಡೆದ ಸಂಸ್ಥೆಗಳಿವೆ. ಹಡಗುಗಳ ವರ್ಗೀಕರಣ ಮಾಡುವ ಸಂಸ್ಥೆಗಳು ಸಾಮಾನ್ಯವಾಗಿ ಈ ಪಾತ್ರ ವಹಿಸುತ್ತವೆ. ಮೂರನೆಯ ಮೆಟ್ಟಿಲಿನಲ್ಲಿರುವವನೇ ತಜ್ಞ, ಅರ್ಥಾತ್ ಸ್ಥಳಕ್ಕೆ ಬಂದು ನೋಡುವ ಸರ್ವೇಯರ್.

‘ನಡೆಸುವುದು’ ಮತ್ತು ‘ಸಮಕ್ಷಮದಲ್ಲಿ ನಡೆಯುವುದು’ ಎಂಬ ಎರಡು ಮಾತುಗಳಿಗೆ ವ್ಯವಹಾರದಲ್ಲಿ ಬಹಳ ಮಹತ್ವವಿದೆ. ಟ್ಯಾಂಕ್ ಡಿಪೋಗಳಲ್ಲಿ ತೊಳೆಯುವುದು, ನೀರು ತುಂಬಿಸುವುದು, ಪಂಪಿನಿಂದ ಒತ್ತಡ ಏರಿಸುವುದು, ಕವಾಟ ಬಿಚ್ಚಿ ಜೋಡಿಸುವುದು ಮುಂತಾದ ಕೆಲಸಗಳನ್ನು ಡಿಪೋದ ನುರಿತ ಕೆಲಸಗಾರರೇ ಮಾಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅನುಮೋದಿತ ತಜ್ಞನು ಆ ಹೊತ್ತಿನಲ್ಲಿ ಎದುರಿಗಿದ್ದು, ಫಲಿತಾಂಶವನ್ನು ತಾನೇ ಕಂಡು, ತನ್ನ ಗುರುತಿನ ಮುದ್ರೆಯನ್ನು ಟ್ಯಾಂಕ್‌ನ ಫಲಕದ ಮೇಲೆ ಒತ್ತಿದಾಗ ಮಾತ್ರ ಆ ಕೆಲಸಕ್ಕೆ ತಪಾಸಣೆಯೆಂಬ ಕಾನೂನು ಮಾನ್ಯತೆ ಬರುತ್ತದೆ.

ನಮ್ಮ ಸದಸ್ಯರಿಗೆ ಪರಿಚಿತವಾದ ಹೋಲಿಕೆಯೊಂದನ್ನು ಇಲ್ಲಿ ಕೊಡಬಹುದು. ಕಂಪನಿಯ ಲೆಕ್ಕಗಳನ್ನು ಬರೆಯುವ ಗುಮಾಸ್ತನಿಗೆ ಅವುಗಳ ಒಳಹೊರಗು ಲೆಕ್ಕ ಪರಿಶೋಧಕನಿಗಿಂತ ಚೆನ್ನಾಗಿ ತಿಳಿದಿರಬಹುದು. ಆದರೂ ಪರಿಶೋಧನಾ ವರದಿಗೆ ಅವನು ಸಹಿ ಮಾಡುವಂತಿಲ್ಲ. 2013ರ ಕಂಪನಿಗಳ ಕಾಯಿದೆಯ 141ನೆಯ ಕಲಮು ಕಂಪನಿಯ ಅಧಿಕಾರಿ ಅಥವಾ ನೌಕರನನ್ನು ಲೆಕ್ಕ ಪರಿಶೋಧಕನಾಗದಂತೆ ತಡೆಯುತ್ತದೆ. ಅವನ ಜ್ಞಾನದ ಮೇಲೆ ಸಂದೇಹವಿರುವುದರಿಂದ ಹೀಗೆ ಮಾಡಿದ್ದಲ್ಲ. ಪರಿಶೀಲಿಸುವವನು ಪರಿಶೀಲನೆಗೆ ಒಳಗಾಗುವವನ ಅಂಕೆಯಲ್ಲಿ ಇರಬಾರದೆಂಬ ತತ್ತ್ವ ಅದರ ಹಿಂದಿದೆ. ಟ್ಯಾಂಕ್‌ನ ವಿಷಯದಲ್ಲಿಯೂ ಇಂಥದೇ ವಿವೇಕ ಕೆಲಸ ಮಾಡುತ್ತದೆ. ಟ್ಯಾಂಕ್ ಬೇಗ ಬಳಕೆಗೆ ಮರಳಿದಷ್ಟೂ ಬಾಡಿಗೆ ಹೆಚ್ಚು ಬರುವವರ ಮಾತೊಂದನ್ನೇ ನಂಬಿ ಇಪ್ಪತ್ತೈದು ಸಾವಿರ ಲೀಟರ್ ಆಮ್ಲವನ್ನು ಹಡಗಿಗೇರಿಸಲಾಗದು.

5. ಭಾರತದಲ್ಲಿ ಮತ್ತು ಹೊರದೇಶಗಳಲ್ಲಿ

ಭಾರತದಲ್ಲಿ ಸಮುದ್ರ ಸಾಗಣೆಯ ಮಟ್ಟಿಗೆ ಸಕ್ಷಮ ಪ್ರಾಧಿಕಾರವೆಂದರೆ ಮುಂಬಯಿಯಲ್ಲಿರುವ ಕೇಂದ್ರ ಸರ್ಕಾರದ ನೌಕಾಯಾನ ಮಹಾನಿರ್ದೇಶನಾಲಯ. 1975ರಲ್ಲಿ ಸ್ಥಾಪನೆಯಾದ ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್ ನಮ್ಮ ದೇಶದ ವರ್ಗೀಕರಣ ಸಂಸ್ಥೆ. ವಿದೇಶೀ ಮೂಲದ ವರ್ಗೀಕರಣ ಸಂಸ್ಥೆಗಳೂ ಇಲ್ಲಿ ಕಾರ್ಯನಿರ್ವಹಿಸುತ್ತವೆ. ಸಂಸ್ಥೆಯ ಹೆಸರು ದೊಡ್ಡದೆಂಬ ಕಾರಣಕ್ಕೆ ಸುಮ್ಮನಿರದೆ, ಪೋರ್ಟಬಲ್ ಟ್ಯಾಂಕ್‌ನ ನಿಯತಕಾಲಿಕ ತಪಾಸಣೆಗೆ ಯಾವ ಪ್ರಾಧಿಕಾರದಿಂದ ಅಧಿಕಾರ ಪಡೆದಿದೆ ಎಂಬ ಪತ್ರದ ಪ್ರತಿಯನ್ನು ಕೇಳಿ ಪಡೆಯುವುದು ಸೂಕ್ತ. ಹಡಗನ್ನು ವರ್ಗೀಕರಿಸುವ ಅಧಿಕಾರ ಬೇರೆ, ಟ್ಯಾಂಕ್‌ನ ತಪಾಸಣೆಯ ಅಧಿಕಾರ ಬೇರೆ.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಈ ಕ್ಷೇತ್ರ ಸಾರಿಗೆ ಇಲಾಖೆಯ ಅಡಿಯಲ್ಲಿರುವ ಪೈಪ್‌ಲೈನ್ ಮತ್ತು ಅಪಾಯಕಾರಿ ಸಾಮಗ್ರಿಗಳ ಸುರಕ್ಷತಾ ಆಡಳಿತದ ವಶದಲ್ಲಿದೆ. ಅದು ಹೆಸರಿಸಿದ ಸಂಸ್ಥೆಗಳಿಗೆ ಅಪ್ರೂವಲ್ ಏಜೆನ್ಸಿ ಎಂದು ಹೆಸರು. ಅಲ್ಲಿನ ನಿಯಮದಂತೆ ಪರೀಕ್ಷೆಯ ತಿಂಗಳು ಮತ್ತು ವರ್ಷವನ್ನು, ಏಜೆನ್ಸಿಯ ಸಾಕ್ಷಿ ಅಗತ್ಯವಿರುವಲ್ಲಿ ಅದರ ಗುರುತನ್ನೂ ಟ್ಯಾಂಕ್‌ನ ಮೇಲೆ ಇಂಗ್ಲಿಷಿನಲ್ಲಿ ಅಚ್ಚೊತ್ತಿರಬೇಕು. ಅಪಾಯಕಾರಿ ಸರಕಿನ ಸೇವೆಯಿಂದ ಒಂದು ವರ್ಷ ಅಥವಾ ಹೆಚ್ಚು ಕಾಲ ಹೊರಗಿದ್ದ ಟ್ಯಾಂಕ್‌ಗೆ ಮರುಬಳಕೆಗೆ ಮುನ್ನ ಹೊಸದಾಗಿ ತಪಾಸಣೆ ನಡೆಯಬೇಕೆಂಬ ವಿಧಿಯೂ ಅಲ್ಲಿದೆ. ಅಮೆರಿಕಕ್ಕೆ ಸರಕು ಕಳುಹಿಸುವವರು ಬಹುದಿನ ಯಾರ್ಡಿನಲ್ಲಿ ನಿಂತಿದ್ದ ಟ್ಯಾಂಕ್‌ಗಳ ಬಗ್ಗೆ ಎಚ್ಚರ ವಹಿಸಬೇಕು.

ಜರ್ಮನಿಯಲ್ಲಿ ಬರ್ಲಿನ್‌ನಲ್ಲಿರುವ ಬಿಎಎಂ ಎಂಬ ಸರ್ಕಾರಿ ಸಂಸ್ಥೆಗೆ ಅಪಾಯಕಾರಿ ಸರಕಿನ ಟ್ಯಾಂಕ್‌ಗಳ ವಿನ್ಯಾಸ ಅನುಮೋದನೆಯಲ್ಲಿ ಪ್ರಮುಖ ಪಾತ್ರವಿದೆ. ಹೀಗೆ ಸಂಸ್ಥೆಗಳ ಹೆಸರು ದೇಶದಿಂದ ದೇಶಕ್ಕೆ ಬದಲಾದರೂ ಪ್ರಾಧಿಕಾರ, ಅಧಿಕೃತ ಸಂಸ್ಥೆ, ತಜ್ಞ ಎಂಬ ಕ್ರಮ ಬದಲಾಗುವುದಿಲ್ಲ.

6. ಯಾವ ಪ್ರಮಾಣಪತ್ರಗಳು ಸಾಲವು?

ನಮ್ಮ ಉದ್ದಿಮೆದಾರರ ಕಡತಗಳಲ್ಲಿ ಅನೇಕ ಬಗೆಯ ಪ್ರಮಾಣಪತ್ರಗಳಿರುತ್ತವೆ. ಒಂದರ ಬದಲಿಗೆ ಇನ್ನೊಂದನ್ನು ಹಾಜರುಪಡಿಸುವುದರಿಂದಲೇ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ.

ಅ) ಚಾರ್ಟರ್ಡ್ ಎಂಜಿನಿಯರ್ ಪ್ರಮಾಣಪತ್ರ. ಬ್ಯಾಂಕ್, ಕಸ್ಟಮ್ಸ್ ಮತ್ತು ರಫ್ತು ಪ್ರೋತ್ಸಾಹ ಯೋಜನೆಗಳಲ್ಲಿ ಯಂತ್ರೋಪಕರಣಗಳಿಗೆ ಸಂಬಂಧಿಸಿ ಇದಕ್ಕೆ ಮನ್ನಣೆಯಿದೆ. ಅಷ್ಟರಿಂದಲೇ ಆ ಎಂಜಿನಿಯರು ಪೋರ್ಟಬಲ್ ಟ್ಯಾಂಕ್‌ನ ಅನುಮೋದಿತ ತಜ್ಞನಾಗುವುದಿಲ್ಲ.

ಆ) ಕಾರ್ಖಾನೆ ಕಾಯಿದೆಯ ಸಕ್ಷಮ ವ್ಯಕ್ತಿಯ ವರದಿ. 1948ರ ಕಾರ್ಖಾನೆಗಳ ಕಾಯಿದೆಯ ವ್ಯವಸ್ಥೆಯಲ್ಲಿ ಒತ್ತಡದ ಪಾತ್ರೆ, ಕ್ರೇನ್ ಮೊದಲಾದವನ್ನು ಪರಿಶೀಲಿಸಲು ಮುಖ್ಯ ಕಾರ್ಖಾನೆ ನಿರೀಕ್ಷಕರಿಂದ ಮಾನ್ಯತೆ ಪಡೆದವರು ಇವರು. ಇವರ ಅಧಿಕಾರವಿರುವುದು ಕಾರ್ಖಾನೆಯೊಳಗಿನ ಸ್ಥಾವರಗಳ ಮೇಲೆ. ‘ಸಕ್ಷಮ’ ಎಂಬ ಪದ ಎರಡೂ ಕಡೆ ಬರುವುದರಿಂದ ಗೊಂದಲವಾಗುವುದು ಸಹಜ.

ಇ) ಪ್ಯಾಕೇಜಿಂಗ್ ಪ್ರಮಾಣಪತ್ರ. ಪೀಪಾಯಿ, ಜೆರಿಕ್ಯಾನ್, ಐಬಿಸಿಗಳಿಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಕೇಜಿಂಗ್ ಪರೀಕ್ಷೆ ನಡೆಸಿ ನೀಡುವ ವಿಶ್ವಸಂಸ್ಥೆ ಗುರುತಿನ ಪ್ರಮಾಣಪತ್ರ ಆ ಪ್ಯಾಕೇಜುಗಳಿಗೆ ಮಾತ್ರ ಅನ್ವಯ. ಪೀಪಾಯಿಯಿಂದ ಟ್ಯಾಂಕ್‌ಗೆ ಬದಲಾಯಿಸಿದಾಗ ಹಳೆಯ ಪ್ರಮಾಣಪತ್ರ ಜೊತೆಗೆ ಬರುವುದಿಲ್ಲ.

ಈ) ಸಿಎಸ್‌ಸಿ ಫಲಕ. 1972ರ ಸುರಕ್ಷಿತ ಕಂಟೇನರುಗಳ ಒಪ್ಪಂದದ ಪ್ರಕಾರ ಕಂಟೇನರಿನ ಚೌಕಟ್ಟು ಎತ್ತಲು, ಪೇರಿಸಲು ತಕ್ಕಷ್ಟು ಗಟ್ಟಿಯಿದೆ ಎಂಬುದನ್ನು ಇದು ಹೇಳುತ್ತದೆ. ತಯಾರಾದ ಐದು ವರ್ಷದೊಳಗೆ ಮೊದಲ ಪರಿಶೀಲನೆ, ಅನಂತರ 30 ತಿಂಗಳು ಮೀರದ ಅಂತರದಲ್ಲಿ ಮರುಪರಿಶೀಲನೆ ಎಂಬುದು ಇದರ ಒಂದು ಕ್ರಮ. ಅನುಮೋದಿತ ನಿರಂತರ ಪರಿಶೀಲನಾ ಯೋಜನೆ ಇನ್ನೊಂದು ಕ್ರಮ. 30 ತಿಂಗಳೆಂದರೆ ಎರಡೂವರೆ ವರ್ಷವೇ ಆದುದರಿಂದ ಇವೆರಡನ್ನೂ ಒಂದೇ ಎಂದು ಭಾವಿಸುವವರುಂಟು. ಸಿಎಸ್‌ಸಿ ಪರಿಶೀಲನೆಯಾಗಿದ್ದ ಮಾತ್ರಕ್ಕೆ ಒಳಗಿನ ಟ್ಯಾಂಕ್ ಸೋರುವುದಿಲ್ಲವೆಂದು ಹೇಳಿದಂತಾಗದು.

ಉ) ಐಎಸ್‌ಒ 17020 ಮಾನ್ಯತೆ. ತಪಾಸಣಾ ಸಂಸ್ಥೆಯ ಕಾರ್ಯಪದ್ಧತಿ ಮತ್ತು ನಿಷ್ಪಕ್ಷಪಾತಕ್ಕೆ ಇದು ಒಳ್ಳೆಯ ಸಾಕ್ಷಿ. ಭಾರತದಲ್ಲಿ ಎನ್ಎಬಿಸಿಬಿ ಈ ಮಾನ್ಯತೆ ನೀಡುತ್ತದೆ. ಆದರೆ ಮಾನ್ಯತೆ ಬೇರೆ, ಸಕ್ಷಮ ಪ್ರಾಧಿಕಾರದ ಅಧಿಕೃತಗೊಳಿಸುವಿಕೆ ಬೇರೆ.

ಊ) ರಸ್ತೆ ಸಾಗಣೆಯ ದಾಖಲೆಗಳು. ಕಾರ್ಖಾನೆಯಿಂದ ಬಂದರಿನವರೆಗಿನ ಪ್ರಯಾಣಕ್ಕೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 129ರಿಂದ 137ರವರೆಗಿನ ವಿಧಿಗಳು ಅನ್ವಯಿಸುತ್ತವೆ. ಒತ್ತಡದಲ್ಲಿರಿಸಿದ ಅನಿಲಗಳಿಗೆ 2016ರ ಸ್ಥಿರ ಮತ್ತು ಚಲಿಸುವ ಒತ್ತಡ ಪಾತ್ರೆಗಳ ನಿಯಮಗಳಿವೆ. ಅವುಗಳ ಆಡಳಿತ ನಾಗಪುರದಲ್ಲಿ ಕೇಂದ್ರ ಕಚೇರಿ ಹೊಂದಿರುವ ಪೆಸೊ ಸಂಸ್ಥೆಯದು. ಸಮುದ್ರದ ಪ್ರಮಾಣಪತ್ರ ಇವುಗಳ ಸ್ಥಾನ ತುಂಬಲಾರದು, ಇವು ಸಮುದ್ರದ ಪ್ರಮಾಣಪತ್ರದ ಸ್ಥಾನವನ್ನೂ ತುಂಬಲಾರವು.

7. ದಿನಾಂಕದ ಲೆಕ್ಕ

ಅಧಿಕಾರದಷ್ಟೇ ಮುಖ್ಯವಾದುದು ಅವಧಿ. ಒಂದು ಟ್ಯಾಂಕ್‌ನ ಆರಂಭಿಕ ಪರೀಕ್ಷೆ 2022ರ ಏಪ್ರಿಲ್‌ನಲ್ಲಿ ನಡೆಯಿತೆಂದು ಭಾವಿಸೋಣ. ಮಧ್ಯಂತರ ತಪಾಸಣೆಯ ನಿಗದಿತ ತಿಂಗಳು 2024ರ ಅಕ್ಟೋಬರ್. ಐದು ವರ್ಷದ ತಪಾಸಣೆಯ ಗಡುವು 2027ರ ಏಪ್ರಿಲ್. ಮಧ್ಯಂತರ ತಪಾಸಣೆಯನ್ನು ನಿಗದಿತ ದಿನಾಂಕದ ಮೂರು ತಿಂಗಳ ಆಸುಪಾಸಿನಲ್ಲಿ ನಡೆಸಬಹುದು. ಹಾಗೆಂದು ಅದನ್ನು 2025ರ ಜನವರಿಯಲ್ಲಿ ನಡೆಸಿದ್ದರೂ ಐದು ವರ್ಷದ ಗಡುವು ಮುಂದಕ್ಕೆ ಹೋಗುವುದಿಲ್ಲ.

ಅವಧಿ ಮುಗಿದ ಟ್ಯಾಂಕ್‌ಗೆ ಸರಕು ತುಂಬಿಸಿ ಸಾಗಣೆಗೆ ಒಪ್ಪಿಸುವಂತಿಲ್ಲ. ಆದರೆ ಅವಧಿ ಮುಗಿಯುವ ಮುನ್ನವೇ ತುಂಬಿಸಿದ ಟ್ಯಾಂಕ್ ಗಡುವಿನ ನಂತರ ಮೂರು ತಿಂಗಳು ಮೀರದಂತೆ ಪ್ರಯಾಣ ಮಾಡಬಹುದು. ಮೇಲಿನ ಉದಾಹರಣೆಯಲ್ಲಿ 2027ರ ಮಾರ್ಚ್‌ನಲ್ಲಿ ತುಂಬಿಸಿದ ಟ್ಯಾಂಕ್ ಮೇ ತಿಂಗಳಲ್ಲಿ ವಿದೇಶದ ಬಂದರನ್ನು ತಲುಪಿದರೆ ಆಕ್ಷೇಪವಿಲ್ಲ. ಮೇ ತಿಂಗಳಲ್ಲಿ ತುಂಬಿಸಲು ಹೊರಟರೆ ಹೊಸ ತಪಾಸಣೆಯಿಲ್ಲದೆ ಸಾಧ್ಯವಿಲ್ಲ. ಈ ರಿಯಾಯಿತಿ ಪ್ರಯಾಣಕ್ಕೆ ದೊರೆತದ್ದು, ಭರ್ತಿಗೆ ದೊರೆತದ್ದಲ್ಲ.

ಇನ್ನೆರಡು ವಿನಾಯಿತಿಗಳಿವೆ. ಖಾಲಿ ಮಾಡಿದ, ಆದರೆ ಇನ್ನೂ ತೊಳೆಯದ ಟ್ಯಾಂಕ್ ಅನ್ನು ಮುಂದಿನ ತಪಾಸಣೆಗಾಗಿ ಸಾಗಿಸಬಹುದು. ವಿಲೇವಾರಿ ಅಥವಾ ಮರುಬಳಕೆಗಾಗಿ ಸರಕನ್ನು ಹಿಂದಿರುಗಿಸುವ ಸಂದರ್ಭದಲ್ಲಿ, ಪ್ರಾಧಿಕಾರ ಬೇರೆ ರೀತಿ ಅನುಮತಿಸದ ಹೊರತು, ಆರು ತಿಂಗಳವರೆಗೆ ಅವಕಾಶವಿದೆ. ಈ ಕೊನೆಯ ವಿನಾಯಿತಿಯನ್ನು ಸಾಗಣೆ ದಾಖಲೆಯಲ್ಲಿ ನಮೂದಿಸಬೇಕು.

8. ಹೊಣೆ ಯಾರ ಮೇಲೆ?

ಟ್ಯಾಂಕ್ ನಮ್ಮದಲ್ಲ, ನಿರ್ವಾಹಕ ಕಂಪನಿಯಿಂದ ಬಾಡಿಗೆಗೆ ಪಡೆದದ್ದು, ಆದ್ದರಿಂದ ತಪಾಸಣೆಯ ಚಿಂತೆ ಅವರದು ಎಂಬ ಮಾತನ್ನು ಆಗಾಗ ಕೇಳುತ್ತೇವೆ. ತಪಾಸಣೆ ಮಾಡಿಸುವ ಖರ್ಚು ಮತ್ತು ಏರ್ಪಾಡು ಟ್ಯಾಂಕ್‌ನ ಒಡೆಯರದು ಎಂಬುದು ನಿಜ. ಆದರೆ ಅಪಾಯಕಾರಿ ಸರಕಿನ ಘೋಷಣಾಪತ್ರದಲ್ಲಿ ಸರಕನ್ನು ಸರಿಯಾಗಿ ವಿವರಿಸಲಾಗಿದೆ, ನಿಯಮಾನುಸಾರ ತುಂಬಿಸಿ ಗುರುತು ಹಾಕಲಾಗಿದೆ, ಎಲ್ಲ ವಿಧದಲ್ಲಿಯೂ ಸಾಗಣೆಗೆ ಯೋಗ್ಯ ಸ್ಥಿತಿಯಲ್ಲಿದೆ ಎಂದು ದೃಢೀಕರಿಸುವವರು ಸರಕು ಕಳುಹಿಸುವವರು. ಸಾಧಾರಣ ಕಂಟೇನರಿಗೆ ಅಗತ್ಯವಾದ ಪ್ಯಾಕಿಂಗ್ ಪ್ರಮಾಣಪತ್ರ ಪೋರ್ಟಬಲ್ ಟ್ಯಾಂಕ್‌ಗೆ ಬೇಕಿಲ್ಲ. ಆದ್ದರಿಂದ ಈ ಘೋಷಣೆಯ ತೂಕ ಇನ್ನಷ್ಟು ಹೆಚ್ಚುತ್ತದೆ.

2012ರ ಜುಲೈ 14ರಂದು ಅಟ್ಲಾಂಟಿಕ್ ಸಾಗರದಲ್ಲಿ ಎಂಎಸ್‌ಸಿ ಫ್ಲಾಮಿನಿಯಾ ಎಂಬ ಕಂಟೇನರ್ ಹಡಗಿನಲ್ಲಿ ಸ್ಫೋಟ ಸಂಭವಿಸಿ ಮೂವರು ನಾವಿಕರು ಪ್ರಾಣ ಕಳೆದುಕೊಂಡರು. ಟ್ಯಾಂಕ್ ಕಂಟೇನರುಗಳಲ್ಲಿದ್ದ ಡೈವಿನೈಲ್‌ಬೆಂಜೀನ್ ಎಂಬ ರಾಸಾಯನಿಕ ಬಿಸಿಯೇರಿದ್ದು ಇದಕ್ಕೆ ಮೂಲ. ಅಲ್ಲಿ ಟ್ಯಾಂಕ್‌ನ ತಪಾಸಣೆ ವಿವಾದದ ವಿಷಯವಾಗಿರಲಿಲ್ಲ. ಆದರೂ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ನಡೆದ ವ್ಯಾಜ್ಯದಲ್ಲಿ ರಾಸಾಯನಿಕದ ತಯಾರಕರೂ ಟ್ಯಾಂಕ್ ನಿರ್ವಾಹಕರೂ ಪ್ರತಿವಾದಿಗಳಾಗಬೇಕಾಯಿತು. ನಮ್ಮ ಸಮೀಪದ ಸಮುದ್ರದಲ್ಲಿಯೇ, 2025ರ ಜೂನ್ 9ರಂದು, ಕೇರಳದ ಕರಾವಳಿಯಾಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿದ್ದಾಗ 22 ನಾವಿಕರಲ್ಲಿ 18 ಮಂದಿಯನ್ನು ರಕ್ಷಿಸಿ ಮಂಗಳೂರಿಗೆ ತರಲಾಯಿತು. ಉಳಿದ ನಾಲ್ವರು ಕಾಣೆಯಾದರು. ಆ ಹಡಗಿನಲ್ಲಿಯೂ ಅಪಾಯಕಾರಿ ಸರಕಿನ ಕಂಟೇನರುಗಳಿದ್ದವು. ಇಂತಹ ಸರಕನ್ನು ಹೊತ್ತ ಹಡಗಿನಲ್ಲಿ ದುಡಿಯುವವರು ನಮ್ಮ ಘೋಷಣೆಯನ್ನು ನಂಬಿ ಪ್ರಯಾಣ ಹೊರಡುತ್ತಾರೆಂಬುದನ್ನು ಮರೆಯಬಾರದು.

ಇಷ್ಟು ದೊಡ್ಡ ದುರಂತದ ಮಾತು ಬೇಡ. ದಿನನಿತ್ಯದ ವ್ಯವಹಾರದಲ್ಲಿಯೇ ನಷ್ಟ ಹೇಗೆ ಒದಗುತ್ತದೆ ಎಂಬುದಕ್ಕೆ ನನ್ನ ಕಕ್ಷಿದಾರರೊಬ್ಬರ ಪ್ರಸಂಗವನ್ನು ಹೇಳಬಹುದು. ದ್ರಾವಕ ತಯಾರಿಸುವ ಸಣ್ಣ ಉದ್ದಿಮೆ ಅವರದು. ಟ್ಯಾಂಕ್ ಬಂದಿತು, ಫಲಕದ ಮೇಲೆ ದಿನಾಂಕ ಸರಿಯಾಗಿತ್ತು, ಸರಕೂ ತುಂಬಿತು. ಬಂದರಿನಲ್ಲಿ ಹಡಗು ಕಂಪನಿಯವರು ಮಧ್ಯಂತರ ತಪಾಸಣೆಯ ಪ್ರಮಾಣಪತ್ರ ಕೇಳಿದರು. ಅದರಲ್ಲಿ ಡಿಪೋದ ಮೇಲ್ವಿಚಾರಕರ ಸಹಿಯೊಂದೇ ಇತ್ತು. ಫಲಕದ ಮೇಲೆ ಸಾಕ್ಷಿಯಾದ ತಜ್ಞನ ಗುರುತೂ ಇರಲಿಲ್ಲ. ಸರಕನ್ನು ಬೇರೆ ಟ್ಯಾಂಕ್‌ಗೆ ವರ್ಗಾಯಿಸುವಷ್ಟರಲ್ಲಿ ಸಾಖಪತ್ರದಲ್ಲಿ ನಿಗದಿಯಾಗಿದ್ದ ಕೊನೆಯ ಹಡಗೇರಿಕೆ ದಿನಾಂಕ ಕಳೆದುಹೋಯಿತು. ತಿದ್ದುಪಡಿಗೆ ಒಪ್ಪಲು ಖರೀದಿದಾರರು ಬೆಲೆಯಲ್ಲಿ ಕಡಿತ ಕೇಳಿದರು. ಯಾರ್ಡಿನ ಬಾಡಿಗೆ, ವರ್ಗಾವಣೆಯ ವೆಚ್ಚ, ಬೆಲೆಕಡಿತ ಇವು ಮೂರೂ ಸೇರಿ ಆ ರವಾನೆಯ ಲಾಭವನ್ನು ಪೂರ್ತಿಯಾಗಿ ನುಂಗಿದವು. ಟ್ಯಾಂಕ್‌ನಲ್ಲಿ ಯಾವ ದೋಷವೂ ಇರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಕೊರತೆಯಿದ್ದುದು ಸಹಿಯ ಅಧಿಕಾರದಲ್ಲಿ.

ಸಾಖಪತ್ರಗಳಿಗೆ ಅನ್ವಯಿಸುವ ಯುಸಿಪಿ 600 ನಿಯಮಗಳ ಪ್ರಕಾರ ಬ್ಯಾಂಕುಗಳು ವ್ಯವಹರಿಸುವುದು ದಾಖಲೆಗಳೊಂದಿಗೆ, ಸರಕಿನೊಂದಿಗಲ್ಲ. ಖರೀದಿದಾರರು ಟ್ಯಾಂಕ್ ತಪಾಸಣಾ ಪ್ರಮಾಣಪತ್ರವನ್ನು ಸಾಖಪತ್ರದಲ್ಲಿ ಕೇಳಿದ್ದು, ಅದನ್ನು ಯಾರು ನೀಡಬೇಕೆಂದು ಸೂಚಿಸಿದ್ದರೆ, ಬೇರೆಯವರು ನೀಡಿದ ಪ್ರಮಾಣಪತ್ರ ಹಣ ಪಾವತಿಗೆ ಅಡ್ಡಿಯಾಗುತ್ತದೆ. ವಿಮೆಯ ಹಕ್ಕುಕೋರಿಕೆಯ ಸಮಯದಲ್ಲಿಯೂ ಸರ್ವೇಯರು ಮೊದಲು ಕೇಳುವ ಕಾಗದಗಳಲ್ಲಿ ಇದು ಒಂದು.

9. ಟ್ಯಾಂಕ್ ಸ್ವೀಕರಿಸುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

1) ಟ್ಯಾಂಕ್‌ಗೆ ಶಾಶ್ವತವಾಗಿ ಜೋಡಿಸಿದ, ತುಕ್ಕು ಹಿಡಿಯದ ಲೋಹದ ಫಲಕವನ್ನು ಓದಿರಿ. ಅನುಮೋದಿಸಿದ ದೇಶ, ವಿನ್ಯಾಸ ಅನುಮೋದನೆಯ ಸಂಖ್ಯೆ, ಕಾರ್ಯ ಒತ್ತಡ, ಪರೀಕ್ಷಾ ಒತ್ತಡ, ಕೊನೆಯ ತಪಾಸಣೆಯ ಬಗೆ, ತಿಂಗಳು ಮತ್ತು ವರ್ಷ, ತಜ್ಞನ ಗುರುತು ಇಷ್ಟೂ ಇರಬೇಕು. ಫಲಕದ ಛಾಯಾಚಿತ್ರ ತೆಗೆದು ಕಡತದಲ್ಲಿಡಿ.

2) ಕೊನೆಯ ಐದು ವರ್ಷದ ಮತ್ತು ಎರಡೂವರೆ ವರ್ಷದ ತಪಾಸಣೆಗಳ ಪ್ರಮಾಣಪತ್ರದ ಪ್ರತಿಗಳನ್ನು ಬುಕಿಂಗ್ ಹಂತದಲ್ಲಿಯೇ ಪಡೆಯಿರಿ. ಟ್ಯಾಂಕ್ ಸಂಖ್ಯೆ, ದಿನಾಂಕ ಮತ್ತು ತಜ್ಞನ ಗುರುತು ಫಲಕದೊಂದಿಗೆ ಹೊಂದುತ್ತವೆಯೇ ನೋಡಿರಿ.

3) ಪ್ರಮಾಣಪತ್ರ ನೀಡಿದ ಸಂಸ್ಥೆಗೆ ಯಾವ ಸಕ್ಷಮ ಪ್ರಾಧಿಕಾರದ ಅಧಿಕಾರವಿದೆ ಎಂಬುದನ್ನು ಬರಹದಲ್ಲಿ ಕೇಳಿರಿ. ನಮ್ಮ ವೃತ್ತಿಯಲ್ಲಿ 2019ರಿಂದ ಪ್ರಮಾಣಪತ್ರಗಳಿಗೆ ಯುಡಿಐಎನ್ ಸಂಖ್ಯೆ ಕಡ್ಡಾಯವಾದ ಮೇಲೆ ಅದನ್ನು ಪರಿಶೀಲಿಸುವುದನ್ನು ನೀವು ರೂಢಿಸಿಕೊಂಡಿದ್ದೀರಿ. ಇಲ್ಲಿಯೂ ಪ್ರಮಾಣಪತ್ರದ ಸಂಖ್ಯೆಯನ್ನು ಹಿಡಿದು ಸಂಸ್ಥೆಯನ್ನೇ ವಿಚಾರಿಸಬಹುದು.

4) ಭರ್ತಿಯ ದಿನ ತಪಾಸಣೆಯ ಅವಧಿ ಚಾಲ್ತಿಯಲ್ಲಿರಬೇಕು. ಪ್ರಯಾಣದ ನಡುವೆ ಅವಧಿ ಮುಗಿಯುವುದಾದರೆ ಮೂರು ತಿಂಗಳ ಮಿತಿಯೊಳಗೆ ಸರಕು ತಲುಪುವುದೇ ಎಂದು ಲೆಕ್ಕ ಹಾಕಿರಿ. ಸಾಧ್ಯವಾದರೆ ಅಂತಹ ಟ್ಯಾಂಕ್ ಬೇಡವೆನ್ನಿರಿ.

5) ಜಜ್ಜು, ಹೊಸ ಬೆಸುಗೆ, ಹೊಸ ಬಣ್ಣದ ತೇಪೆ, ಕವಾಟದ ಸುತ್ತ ಒದ್ದೆ ಇವು ಕಂಡರೆ ತುಂಬಿಸುವುದನ್ನು ನಿಲ್ಲಿಸಿರಿ. ವಿಶೇಷ ತಪಾಸಣೆಯ ಅಥವಾ ದುರಸ್ತಿಯ ಒಪ್ಪಿಗೆಯ ದಾಖಲೆ ಕೇಳಿರಿ.

6) ಬಾಡಿಗೆ ಕರಾರಿನಲ್ಲಿ ಮೂರು ಷರತ್ತುಗಳಿರಲಿ. ಅನುಮೋದಿತ ತಜ್ಞನ ಮುದ್ರೆಯುಳ್ಳ ಚಾಲ್ತಿ ತಪಾಸಣೆಯ ಖಾತರಿ ಮೊದಲನೆಯದು. ಅದಿಲ್ಲದಿದ್ದಲ್ಲಿ ನಿರ್ವಾಹಕರ ವೆಚ್ಚದಲ್ಲಿ ಬದಲಿ ಟ್ಯಾಂಕ್ ಎರಡನೆಯದು. ವಿಳಂಬದಿಂದಾದ ನಷ್ಟದ ಭರ್ತಿ ಮೂರನೆಯದು.

7) ಖರೀದಿದಾರರ ದೇಶದಲ್ಲಿ ಹೆಚ್ಚಿನ ನಿಬಂಧನೆಗಳೇನಾದರೂ ಇವೆಯೇ ಎಂದು ಕರಾರಿಗೆ ಮುನ್ನವೇ ಅವರಿಂದ ಬರಹದಲ್ಲಿ ತಿಳಿದುಕೊಳ್ಳಿರಿ.

ಈ ಏಳು ಅಂಶಗಳ ಪರಿಶೀಲನೆಗೆ ಹೆಚ್ಚಿನ ಖರ್ಚಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಟ್ಯಾಂಕ್ ನಿಂತಿರುವಾಗ ಒಬ್ಬ ಜವಾಬ್ದಾರಿಯುತ ನೌಕರ ಅರ್ಧ ಗಂಟೆಯಲ್ಲಿ ಫಲಕವನ್ನೂ ಕಾಗದಗಳನ್ನೂ ತಾಳೆ ನೋಡಬಹುದು. ರವಾನೆ ವಿಭಾಗದಲ್ಲಿ ಇದಕ್ಕೊಂದು ನಮೂನೆಯನ್ನು ಸಿದ್ಧಪಡಿಸಿ, ಅದು ಭರ್ತಿಯಾಗದೆ ಟ್ಯಾಂಕ್‌ನ ಮುಚ್ಚಳ ತೆರೆಯಬಾರದೆಂಬ ಕಟ್ಟಳೆಯನ್ನು ಮಾಡಿಕೊಳ್ಳುವುದು ಉತ್ತಮ. ಘೋಷಣಾಪತ್ರಕ್ಕೆ ಸಹಿ ಹಾಕುವ ಮಾಲೀಕರಾಗಲಿ ನಿರ್ದೇಶಕರಾಗಲಿ ಆ ನಮೂನೆಯನ್ನು ನೋಡಿದ ಮೇಲೆಯೇ ಲೇಖನಿ ಎತ್ತಬೇಕೆಂದು ಸದಸ್ಯರಲ್ಲಿ ವಿನಂತಿ.